ಇವಾನ್‌ಸ್ಟನ್‌ನಿಂದ ಆನ್ ಆರ್ಬರ್‌ಗೆ: ಪಿ.ಟಿ. ಮೇಷ್ಟ್ರೊಬ್ಬರ ಏಳು ದಿನ

ಭಾನುವಾರ, ಅಕ್ಟೋಬರ್ 12, 2025

ಷಿಕಾಗೋದ ಓಹೇರ್ ವಿಮಾನ ನಿಲ್ದಾಣದ ಹೊರಗೆ ಅಳಿಯ, ನಮ್ಮ ಅಕ್ಕನ ಮಗ, ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಕಾಲು ಮುಟ್ಟಿ ನಮಸ್ಕರಿಸಿ, ಅಮ್ಮ ಕಳಿಸಿದ ಚಟ್ನಿಪುಡಿಯ ಡಬ್ಬ ಭದ್ರವಾಗಿದೆಯಾ ಎಂದು ಕೇಳಿ, ಮರುಕ್ಷಣವೇ "ಮಾವ, ನೀವು ಬಂದ ದಿನಾನೇ ದೊಡ್ಡ ಸುದ್ದಿ ನೋಡ್ರಿ" ಅಂದ. ಹಿಂದಿನ ದಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ತನ್ನ ಮೈದಾನದಲ್ಲೇ ನಾರ್ತ್‌ವೆಸ್ಟರ್ನ್ ಎದುರು 22–21ರಲ್ಲಿ ಸೋತಿತ್ತು. ಇವತ್ತು ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆದುಹಾಕಿದ್ದರು. ಒಪ್ಪಂದದ ಅವಧಿ ಇನ್ನೂ ಇದ್ದುದರಿಂದ ಅವರಿಗೆ ಸುಮಾರು 4.9 ಕೋಟಿ ಡಾಲರ್ ಕೊಡಬೇಕಾಗುತ್ತದೆ ಎಂದು ವರದಿಗಳಿದ್ದವು. (ನವೆಂಬರ್‌ನಲ್ಲಿ ಅವರು ಬೇರೆ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಹೋದರು. ಆಗ ಆ ಮೊತ್ತ ಬಹಳ ಕಡಿಮೆಗೆ ಇತ್ಯರ್ಥವಾಯಿತು.)

ಇದೇ ಪಂದ್ಯದಲ್ಲಿ ಪೆನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಡ್ರೂ ಆಲರ್‌ಗೆ ಪೆಟ್ಟಾಗಿ, ಈ ವರ್ಷದ ಆಟವೇ ಮುಗಿದುಹೋಗಿದೆ ಅಂತಲೂ ಅಳಿಯ ಹೇಳಿದ. ನನ್ನ ತಲೆಯಲ್ಲಿ ಉಳಿದದ್ದು ಆ ಹುಡುಗನ ಸುದ್ದಿ.

ಅದಕ್ಕೆ ಕಾರಣ ಇದೆ. ದಾವಣಗೆರೆ ಕಡೆಯ ಕಾಲೇಜುಗಳಲ್ಲಿ ನಾನು ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿ ಕೆಲಸ ಮಾಡಿದವನು. ಕಬಡ್ಡಿ ನನ್ನ ಆಟ. ಹೊನ್ನಾಳಿ ಕಡೆಯ ಒಬ್ಬ ಹುಡುಗ ನನ್ನ ಕೈಯಲ್ಲಿ ಪಳಗಿದ್ದ. ಒಳ್ಳೆಯ ರೈಡರ್. ಅಂತರ ಕಾಲೇಜು ಪಂದ್ಯದಲ್ಲಿ ಮೂವರು ಸೇರಿ ಹಿಡಿದಾಗ ಅವನ ಎಡ ಮಂಡಿ ತಿರುಚಿಕೊಂಡಿತು. ಲಿಗಮೆಂಟ್ ಹರಿದಿತ್ತು. ಅವನ ಹೆಸರಿನಲ್ಲಿ ಕಾಲೇಜಿಗೆ ಟ್ರೋಫಿ ಬಂದಿತ್ತು, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದ್ದರು. ಆಪರೇಷನ್ನಿನ ದುಡ್ಡಿನ ಮಾತು ಬಂದಾಗ ಮಾತ್ರ ಅದು ಯಾರ ಲೆಕ್ಕಕ್ಕೂ ಸೇರಲಿಲ್ಲ. ಸ್ಟಾಫ್ ರೂಮಿನಲ್ಲಿ ಚಂದಾ ಎತ್ತಿದೆವು, ಸಾಲಲಿಲ್ಲ. ಆ ಹುಡುಗನಿಗೆ ಈಗ ನಲವತ್ತರ ಹತ್ತಿರ. ಊರಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿ ಇಟ್ಟುಕೊಂಡಿದ್ದಾನೆ. ಅಮೆರಿಕಕ್ಕೆ ಬಂದರೆ ನಯಾಗರ ತೋರಿಸುತ್ತೇನೆ ಎಂದು ಅಳಿಯ ಹೇಳಿದಾಗ, ಅದರ ಬದಲು ಕಾಲೇಜು ಆಟಗಾರರಿಗೆ ದುಡ್ಡು ಕೊಡಬೇಕೋ ಬೇಡವೋ ಎಂಬ ಜಗಳ ನಡೆದ ಜಾಗಗಳನ್ನು ತೋರಿಸಪ್ಪಾ ಎಂದು ಕೇಳಿಕೊಂಡದ್ದು ಇದಕ್ಕೇ. ಅವನು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಪಿಎಚ್‌ಡಿ ಮಾಡುತ್ತಿದ್ದಾನೆ. ಸೋಮವಾರ, ಮಂಗಳವಾರ ಅವನಿಗೆ ರಜೆ ಸಿಕ್ಕಿತ್ತು.

ಸೋಮವಾರ, ಅಕ್ಟೋಬರ್ 13

ಷಿಕಾಗೋದಿಂದ ಉತ್ತರಕ್ಕೆ ಸರೋವರದ ದಂಡೆ ಹಿಡಿದು ಹೋದರೆ ಇವಾನ್‌ಸ್ಟನ್. ನಾರ್ತ್‌ವೆಸ್ಟರ್ನ್ ಇರುವುದು ಇಲ್ಲೇ. ಖಾಸಗಿ ವಿಶ್ವವಿದ್ಯಾಲಯ, ಓದಿಗೆ ಹೆಸರಾದದ್ದು. ಸೆಂಟ್ರಲ್ ಸ್ಟ್ರೀಟ್‌ನಲ್ಲಿ ಹಳೆಯ ರಯನ್ ಫೀಲ್ಡ್ ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತಿದ್ದಾರೆ. ಸುಮಾರು 85 ಕೋಟಿ ಡಾಲರ್ ವೆಚ್ಚ. ಬೇಲಿಯಾಚೆ ಕ್ರೇನುಗಳು, ಉಕ್ಕಿನ ತೊಲೆಗಳು. ಅಲ್ಲಿಯವರೆಗೆ ತಂಡ ಆಡುತ್ತಿರುವುದು ಸರೋವರದ ಪಕ್ಕದ ತಾತ್ಕಾಲಿಕ ಮೈದಾನದಲ್ಲಿ. ಹನ್ನೆರಡು ಸಾವಿರ ಜನ ಕೂರುವಷ್ಟು ಜಾಗ, ಬೆನ್ನಿಗೆ ಮಿಷಿಗನ್ ಸರೋವರದ ನೀಲಿ. ಅಷ್ಟು ಚಂದದ ಆಟದ ಮೈದಾನವನ್ನು ನಾನು ನೋಡಿರಲಿಲ್ಲ.

ನಾನು ನೋಡಬೇಕೆಂದಿದ್ದದ್ದು 2014ರಲ್ಲಿ ಇಲ್ಲಿ ನಡೆದ ಸಂಗತಿಯ ಜಾಗವನ್ನು. ಆಗ ಈ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಆಟ ಮುಗಿಸಿದ್ದ ಕೇನ್ ಕೋಲ್ಟರ್ ತನ್ನ ಜೊತೆಗಾರರನ್ನು ಸೇರಿಸಿ ಕಾರ್ಮಿಕ ಸಂಘ ಕಟ್ಟಲು ಅರ್ಜಿ ಹಾಕಿದ. ನಾವು ವಿದ್ಯಾರ್ಥಿಗಳಷ್ಟೇ ಅಲ್ಲ, ನೌಕರರು ಎಂಬುದು ಅವನ ವಾದ. ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಷಿಕಾಗೋ ಅಧಿಕಾರಿ ಪೀಟರ್ ಸಂಗ್ ಓರ್ ಮಾರ್ಚ್ 26ರಂದು ಹೌದು ಎಂದು ತೀರ್ಪು ಕೊಟ್ಟರು. ಅದರಲ್ಲಿನ ಲೆಕ್ಕಗಳನ್ನು ನಾನು ಊರಲ್ಲಿದ್ದಾಗಲೇ ಓದಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆಗಸ್ಟ್ ತರಬೇತಿ ಶಿಬಿರದಲ್ಲಿ ವಾರಕ್ಕೆ 50ರಿಂದ 60 ಗಂಟೆ, ಸೀಸನ್‌ನಲ್ಲಿ 40ರಿಂದ 50 ಗಂಟೆ ಫುಟ್‌ಬಾಲಿಗೇ ಹೋಗುತ್ತಿತ್ತು. 2003ರಿಂದ 2012ರವರೆಗೆ ತಂಡ ತಂದ ಆದಾಯ 23.5 ಕೋಟಿ ಡಾಲರ್. ವಾರಕ್ಕೆ ಐವತ್ತು ಗಂಟೆ ಬೆವರು ಸುರಿಸಿದ ಹುಡುಗ ಯಾವ ಹೊತ್ತಿನಲ್ಲಿ ಕೂತು ಓದುತ್ತಾನೆ ಎಂದು ನನ್ನಂಥವನಿಗೆ ಯಾರೂ ವಿವರಿಸಬೇಕಾಗಿಲ್ಲ. ಮೊದಲ ಪೀರಿಯಡ್ಡಿನಲ್ಲಿ ಬೆಂಚಿಗೆ ತಲೆಯಿಟ್ಟು ಮಲಗುವವರು ನನ್ನ ಹುಡುಗರೇ ಆಗಿರುತ್ತಿದ್ದರು. ಲೆಕ್ಚರರುಗಳು ನನಗೆ ದೂರು ಹೇಳುತ್ತಿದ್ದರು.

ಕೋಲ್ಟರ್ ವಿಚಾರಣೆಯಲ್ಲಿ ಹೇಳಿದ ಒಂದು ಮಾತು ಅಳಿಯನಿಗೆ ನಾಟಿತ್ತು. ಅವನಿಗೆ ಡಾಕ್ಟರ್ ಆಗುವ ಆಸೆ ಇತ್ತು. ಅದಕ್ಕೆ ಬೇಕಾದ ಕೆಮಿಸ್ಟ್ರಿ ತರಗತಿ ಬೆಳಗಿನ ಅಭ್ಯಾಸದ ಹೊತ್ತಿಗೇ ಬಿದ್ದಿತ್ತು. ಕೊನೆಗೆ ಅವನು ಸೈಕಾಲಜಿ ತೆಗೆದುಕೊಂಡ. "ಲ್ಯಾಬ್ ತಪ್ಪಿಸಿಕೊಂಡ್ರೆ ಮತ್ತೆ ಹಿಡಿಯೋದು ಕಷ್ಟ ಮಾವ. ನಾನೇ ಪಾಠ ಮಾಡ್ತೀನಲ್ಲ, ನನಗೆ ಗೊತ್ತು" ಅಂದ ಅಳಿಯ.

ಅವರು ಕೇಳಿದ್ದು ಸಂಬಳ ಎಂದೇ ಬಹಳ ಜನ ತಿಳಿದಿದ್ದಾರೆ. ಆಗ ಮುಂದಿಟ್ಟ ಬೇಡಿಕೆಗಳಲ್ಲಿ ದೊಡ್ಡದು ಬೇರೆ: ಆಟದಲ್ಲಿ ಆದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ ಚಿಕಿತ್ಸೆಯ ವೆಚ್ಚ, ತಲೆಪೆಟ್ಟು ತಡೆಯುವ ಕ್ರಮ, ಗಾಯವಾದರೂ ಸ್ಕಾಲರ್‌ಷಿಪ್ ಕಿತ್ತುಕೊಳ್ಳದ ಭರವಸೆ.

ಏಪ್ರಿಲ್ 25ರಂದು ಸಂಘ ಬೇಕೋ ಬೇಡವೋ ಎಂದು ಆಟಗಾರರು ಮತ ಹಾಕಿದರು. ಮತಪೆಟ್ಟಿಗೆಗೆ ಮೊಹರು ಬಿತ್ತು. ವಿಶ್ವವಿದ್ಯಾಲಯದ ಮೇಲ್ಮನವಿ ಒಂದು ವರ್ಷಕ್ಕೂ ಮೇಲೆ ಎಳೆಯಿತು. 2015ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಪೂರ್ಣ ಮಂಡಳಿ, ಇವರು ನೌಕರರು ಹೌದೋ ಅಲ್ಲವೋ ಎಂಬುದನ್ನೇ ತೀರ್ಮಾನಿಸದೆ, ತನ್ನ ಅಧಿಕಾರ ಬಳಸುವುದಿಲ್ಲ ಎಂದು ಕೈಬಿಟ್ಟಿತು. ಎದುರಾಳಿ ತಂಡಗಳಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳು, ಅವು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಕೊಟ್ಟ ಕಾರಣ. ಹಾಕಿದ ಮತಗಳನ್ನು ಯಾರೂ ಎಣಿಸಲೇ ಇಲ್ಲ. ಸರೋವರದ ದಂಡೆಯ ಕಲ್ಲುಗಳ ಮೇಲೆ ಕೂತು ನಾನು ಯೋಚಿಸುತ್ತಿದ್ದದ್ದು ಆ ಪೆಟ್ಟಿಗೆಯನ್ನು. ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ಹುಡುಗರು. ಕೋಚ್‌ಗೆ ಬೇಜಾರಾದೀತು, ಜಾಗ ಹೋದೀತು ಎಂಬ ಭಯವಿದ್ದೂ ಒಳಗೆ ಹೋಗಿ ಗುರುತು ಹಾಕಿ ಬಂದವರು.

ಮಂಗಳವಾರ, ಅಕ್ಟೋಬರ್ 14

ಬೆಳಿಗ್ಗೆ ಬೇಗ ಹೊರಟೆವು. ಇಂಡಿಯಾನಾದ ಹೆದ್ದಾರಿಯ ಎರಡೂ ಬದಿ ಮೆಕ್ಕೆಜೋಳ. ನಮ್ಮ ದಾವಣಗೆರೆಯದ್ದೂ ಇದೇ ಬೆಳೆ, ಇದೇ ಒಣಗಿದ ದಂಟಿನ ಬಣ್ಣ. ಆದರೆ ಇಲ್ಲಿ ಕೊಯ್ಲಿನ ಹೊಲದಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ, ಯಂತ್ರಗಳಷ್ಟೇ. ನಡುವೆ ಮೈಲುಗಟ್ಟಲೆ ಗಾಳಿಯಂತ್ರಗಳು. ಮೂರು ಗಂಟೆಯಲ್ಲಿ ಇಂಡಿಯಾನಾಪೊಲಿಸ್.

ವೈಟ್ ನದಿಯ ಉದ್ಯಾನದೊಳಗೆ, ಕಾಲುವೆಯ ಪಕ್ಕ ಎನ್‌ಸಿಎಎ ಕಚೇರಿ. ಅಮೆರಿಕದ ಕಾಲೇಜು ಆಟಗಳಲ್ಲಿ ಬಹುಪಾಲನ್ನು ಆಳುವ ಸಂಸ್ಥೆ. ಕನ್ಸಾಸ್‌ನಿಂದ ಇಲ್ಲಿಗೆ ಬಂದದ್ದು 1999ರಲ್ಲಿ. ನಾವು ಒಳಗೆ ಹೋಗಲಿಲ್ಲ. ಕಾಲುವೆಯ ದಂಡೆಯಲ್ಲಿ ನಡೆದಾಡಿ, ಬೆಂಚಿನ ಮೇಲೆ ಕೂತು ಚಪಾತಿ ತಿಂದೆವು.

ಈ ಸಂಸ್ಥೆ ಹುಟ್ಟಿದ್ದೇ ಮುರಿದ ಮೈಗಳಿಂದ. 1905ರ ಒಂದೇ ಸೀಸನ್‌ನಲ್ಲಿ ಫುಟ್‌ಬಾಲ್ ಆಡುತ್ತಾ ಹದಿನೆಂಟು ಹುಡುಗರಾದರೂ ಸತ್ತರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಆಟ ಸುಧಾರಿಸಿ ಎಂದರು. ಮರುವರ್ಷ ಈ ಸಂಘ ಬೇರೆ ಹೆಸರಿನಲ್ಲಿ ಶುರುವಾಯಿತು. 1910ರಲ್ಲಿ ಈಗಿನ ಹೆಸರು ಬಂತು. ಹುಡುಗರ ಜೀವ ಕಾಪಾಡಲು ಕಟ್ಟಿದ ಮನೆ ಇದು.

ಆಮೇಲೆ ಐವತ್ತರ ದಶಕ. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನಿಸನ್‌ಗೆ ಕಿಕ್‌ಆಫ್‌ನಲ್ಲೇ ಎದುರಾಳಿಯ ಮಂಡಿ ತಲೆಗೆ ಬಡಿಯಿತು. ಅವನು ಉಳಿಯಲಿಲ್ಲ. ಕೆಲಸದಲ್ಲಿ ಸತ್ತ ಕಾರ್ಮಿಕರ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಅವನ ಹೆಂಡತಿ ಕೇಳಿದಳು. ಎರಡು ವರ್ಷ ಹಿಂದೆ, 1953ರಲ್ಲಿ, ಅದೇ ರಾಜ್ಯದ ಸುಪ್ರೀಂ ಕೋರ್ಟು ಡೆನ್ವರ್ ವಿಶ್ವವಿದ್ಯಾಲಯದ ಅರ್ನೆಸ್ಟ್ ನೆಮೆತ್ ಎಂಬ ಆಟಗಾರನ ಗಾಯಕ್ಕೆ ಪರಿಹಾರ ಒಪ್ಪಿತ್ತು. 1957ರಲ್ಲಿ ಈ ಹೆಂಗಸಿಗೆ ಮಾತ್ರ ಇಲ್ಲ ಎಂದಿತು. ಆಡಲೇಬೇಕೆಂಬ ಕೂಲಿ ಕರಾರು ಅಲ್ಲಿರಲಿಲ್ಲ, ಹಾಗಾಗಿ ಅವನು ಕಾಲೇಜಿನ ನೌಕರನಲ್ಲ ಎಂದು.

ಈ ವರ್ಷಗಳಲ್ಲೇ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಜೋಡಿ ಪದ ಚಾಲ್ತಿಗೆ ಬಂದದ್ದು. 1951ರಿಂದ 1987ರವರೆಗೆ ಎನ್‌ಸಿಎಎ ನಡೆಸಿದ ವಾಲ್ಟರ್ ಬೈಯರ್ಸ್ ನಿವೃತ್ತಿಯ ನಂತರದ ನೆನಪುಗಳಲ್ಲಿ ಇದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಆಟಗಾರರನ್ನು ನೌಕರರೆಂದು ಕೋರ್ಟುಗಳು ಕರೆದಾವು ಎಂಬ ಹೆದರಿಕೆಯಿಂದ ಆ ಪದವನ್ನು ರೂಪಿಸಿ, ಎಲ್ಲ ಕಡೆ ಕಡ್ಡಾಯ ಮಾಡಿದರಂತೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಪದವನ್ನು ನಾನು ಎಷ್ಟು ಹೆಮ್ಮೆಯಿಂದ ಹೇಳಿದ್ದೆ! ಎಷ್ಟು ಪ್ರಶಸ್ತಿ ಪತ್ರಗಳ ಮೇಲೆ ಬರೆಸಿದ್ದೆ! ವಿದ್ಯೆಗೆ ಬಂದ ಮಕ್ಕಳ ಕೈಗೆ ದುಡ್ಡು ಕೊಟ್ಟರೆ ಆಟವೂ ಕೆಡುತ್ತದೆ, ಮಕ್ಕಳೂ ಕೆಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ವಾದ ಮಾಡಿದವನೂ ನಾನೇ. ನನ್ನ ಹುಡುಗನ ಮಂಡಿ ಹೋದ ಮೇಲೂ ಆ ವಾದ ಬಿಡಲು ಕೆಲವು ವರ್ಷ ಬೇಕಾದವು.

ಈಗ ಅಷ್ಟು ಕೆಟ್ಟ ಸ್ಥಿತಿಯಿಲ್ಲ. 2024ರ ಆಗಸ್ಟ್‌ನಿಂದ ಎನ್‌ಸಿಎಎ ಒಂದು ವಿಮೆ ಕೊಡುತ್ತಿದೆ. ಕಾಲೇಜು ಬಿಟ್ಟ ಮೇಲೆ ಎರಡು ವರ್ಷದವರೆಗೆ, ಆಟದಲ್ಲಿ ಆದ ಒಂದು ಗಾಯಕ್ಕೆ 90 ಸಾವಿರ ಡಾಲರ್‌ವರೆಗೆ. ನನಗೆ ಸಂತೋಷವೇ ಆಯಿತು. ಆದರೆ ಇಪ್ಪತ್ತರಲ್ಲಿ ಹರಿದ ಲಿಗಮೆಂಟು ತನ್ನ ನಿಜವಾದ ಕಾಟ ಶುರು ಮಾಡುವುದು ಮೂವತ್ತೈದರ ಮೇಲೆ. ತಲೆಗೆ ಬಿದ್ದ ಪೆಟ್ಟುಗಳು ಇನ್ನೂ ತಡವಾಗಿ. ಕಾಲುವೆಯ ನೀರು ನೋಡುತ್ತಾ ಅಳಿಯನಿಗೆ ಇದನ್ನು ಹೇಳಿದೆ. ಅವನು ಏನೂ ಮಾತಾಡಲಿಲ್ಲ.

ಸಂಜೆ ನಾಲ್ಕು ಗಂಟೆಗೂ ಹೆಚ್ಚು ಕಾರು ಓಡಿಸಿ ಆನ್ ಆರ್ಬರ್ ತಲುಪಿದೆವು.

ಬುಧವಾರ, ಅಕ್ಟೋಬರ್ 15

ಅಳಿಯನಿಗೆ ಪಾಠವಿತ್ತು. ಅವನ ಕೆಲಸದ ಹೆಸರು ಗ್ರಾಜುಯೇಟ್ ಸ್ಟೂಡೆಂಟ್ ಇನ್‌ಸ್ಟ್ರಕ್ಟರ್. ತಾನೂ ಓದುತ್ತಾ ಡಿಗ್ರಿ ಮಕ್ಕಳಿಗೆ ಲ್ಯಾಬ್ ಮಾಡಿಸುವುದು. ಫೀಸಿಲ್ಲ, ತಿಂಗಳ ಸಂಬಳವಿದೆ, ಆರೋಗ್ಯ ವಿಮೆಯಿದೆ. ಇವರದ್ದೇ ಕಾರ್ಮಿಕ ಸಂಘವಿದೆ, ಎಪ್ಪತ್ತರ ದಶಕದಿಂದ. 2023ರ ಮಾರ್ಚ್ ಕೊನೆಯಲ್ಲಿ ಮುಷ್ಕರ ಹೂಡಿ ಆಗಸ್ಟ್‌ವರೆಗೆ ಹೋರಾಡಿ ಹೊಸ ಕರಾರು ಪಡೆದರು. ಅಳಿಯನೂ ಫಲಕ ಹಿಡಿದು ನಿಂತಿದ್ದನಂತೆ. ನಮ್ಮ ಅಕ್ಕನಿಗೆ ಅದನ್ನು ಹೇಳಿರಲಿಲ್ಲ.

ಅಂದರೆ ಒಬ್ಬನೇ ವ್ಯಕ್ತಿ ವಿದ್ಯಾರ್ಥಿಯೂ ಹೌದು, ನೌಕರನೂ ಹೌದು ಎಂಬುದನ್ನು ಇದೇ ವಿಶ್ವವಿದ್ಯಾಲಯ ದಶಕಗಳಿಂದ ಒಪ್ಪಿಕೊಂಡು ನಡೆದಿದೆ. ಆದರೆ ನಾರ್ತ್‌ವೆಸ್ಟರ್ನ್ ಹುಡುಗರು ಮತ ಹಾಕಿದ ವರ್ಷವೇ, 2014ರ ಡಿಸೆಂಬರ್‌ನಲ್ಲಿ, ಸರ್ಕಾರಿ ವಿಶ್ವವಿದ್ಯಾಲಯದ ಆಟಗಾರರು ನೌಕರರಲ್ಲ ಎಂದು ಇಲ್ಲಿನ ಶಾಸನಸಭೆ ಕಾನೂನು ಮಾಡಿತು. ಟೆಸ್ಟ್ ಟ್ಯೂಬ್ ಹಿಡಿದವನಿಗೆ ಇರುವ ಸ್ಥಾನ ಚೆಂಡು ಹಿಡಿದವನಿಗೆ ಯಾಕಿಲ್ಲ ಎಂಬುದಕ್ಕೆ ಈ ಏಳು ದಿನದಲ್ಲಿ ನನಗೆ ಒಪ್ಪಿಗೆಯಾಗುವ ಉತ್ತರ ಯಾರಿಂದಲೂ ಸಿಗಲಿಲ್ಲ.

ಗುರುವಾರ, ಶುಕ್ರವಾರ

ಈ ಎರಡು ದಿನ ಊರು ತಿರುಗಿದೆ. ಹ್ಯೂರಾನ್ ನದಿಯ ದಂಡೆಯಲ್ಲಿ ಮೇಪಲ್ ಎಲೆಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು.

ಅಂಗಡಿಗಳಲ್ಲಿ 19ನೇ ನಂಬರಿನ ಜೆರ್ಸಿ, ಬೆನ್ನ ಮೇಲೆ ಅಂಡರ್‌ವುಡ್ ಎಂಬ ಹೆಸರು. ಬ್ರೈಸ್ ಅಂಡರ್‌ವುಡ್, ಪಕ್ಕದ ಬೆಲ್‌ವಿಲ್ ಊರಿನವನು, ಹದಿನೆಂಟು ವರ್ಷ, ತಂಡದ ಕ್ವಾರ್ಟರ್‌ಬ್ಯಾಕ್. ಅವನಿಗೆ ಸಿಕ್ಕಿರುವುದು ಒಂದು ಕೋಟಿ ಡಾಲರ್‌ಗೂ ಮೇಲೆ ಎಂದು ಪತ್ರಿಕೆಗಳು ಬರೆದಿವೆ. 2021ಕ್ಕೆ ಮುಂಚೆ ನಂಬರ್ ಮಾತ್ರ ಇರುವ ಜೆರ್ಸಿ ಮಾರುತ್ತಿದ್ದರು, ಹೆಸರು ಇರುತ್ತಿರಲಿಲ್ಲ. ಯಾರ ನಂಬರ್ ಎಂದು ಕೊಳ್ಳುವವರಿಗೆಲ್ಲ ಗೊತ್ತಿರುತ್ತಿತ್ತು, ಆ ಹುಡುಗನಿಗೆ ಮಾತ್ರ ಕಾಸು ಹೋಗುತ್ತಿರಲಿಲ್ಲ. 2010ರಲ್ಲಿ ಜಾರ್ಜಿಯಾದ ಎ.ಜೆ. ಗ್ರೀನ್ ತಾನು ತೊಟ್ಟಿದ್ದ ಜೆರ್ಸಿಯನ್ನು ಮಾರಿಕೊಂಡಿದ್ದಕ್ಕೆ ನಾಲ್ಕು ಪಂದ್ಯ ಹೊರಗೆ ಕೂತ.

ಈ ಕಟ್ಟು ಸಡಿಲಿಸಿದ್ದು ಕೋರ್ಟುಗಳು. 2021ರ ಜೂನ್ 21ರಂದು ಆಲ್ಸ್‌ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸುವುದಕ್ಕೆ ದಾರಿಯಾಯಿತು. ಇಲ್ಲಿ ಎಲ್ಲರೂ ಅದನ್ನು ಎನ್‌ಐಎಲ್ ಅನ್ನುತ್ತಾರೆ. ಅಳಿಯನಂತೆ ವಿದ್ಯಾರ್ಥಿ ವೀಸಾದಲ್ಲಿ ಬಂದ ಆಟಗಾರರಿಗೆ ಅದೂ ಸಲೀಸಲ್ಲ. ಆಮೇಲೆ ಈಜುಗಾರ ಗ್ರಾಂಟ್ ಹೌಸ್ ಹೆಸರಿನಲ್ಲಿ ನಡೆದ ದಾವೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅದರ ಒಪ್ಪಂದಕ್ಕೆ ಅಂಕಿತ ಹಾಕಿದರು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಈ ಜುಲೈಯಿಂದ ಪ್ರತಿ ವಿಶ್ವವಿದ್ಯಾಲಯವೂ ನೇರವಾಗಿ ತನ್ನ ಆಟಗಾರರಿಗೆ, ಎಲ್ಲರಿಗೂ ಸೇರಿ, ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಇಷ್ಟಾದರೂ ಆಟಗಾರರನ್ನು ನೌಕರರೆಂದು ಮಾತ್ರ ಆ ಒಪ್ಪಂದ ಒಪ್ಪಿಲ್ಲ.

ಶುಕ್ರವಾರ ಸಂಜೆ ಅಳಿಯನ ಸ್ನೇಹಿತೆಯೊಬ್ಬಳು ಊಟಕ್ಕೆ ಬಂದಿದ್ದಳು. ಡಿಗ್ರಿಯಲ್ಲಿದ್ದಾಗ ಬೇರೊಂದು ಊರಿನಲ್ಲಿ ದೋಣಿ ಸ್ಪರ್ಧೆಯ ತಂಡದಲ್ಲಿದ್ದವಳು. ಬಿಸಿಬೇಳೆಬಾತಿನ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಲೇ ಅವಳು ಹೇಳಿದ್ದನ್ನು ನಾನು ಬದಿಗಿಡಲಾರೆ. 280 ಕೋಟಿಯಲ್ಲಿ ಬಹುಪಾಲು ಫುಟ್‌ಬಾಲ್ ಮತ್ತು ಗಂಡಸರ ಬ್ಯಾಸ್ಕೆಟ್‌ಬಾಲಿಗೆ ಹೋಗುತ್ತದೆ. ಶಿಕ್ಷಣದಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಬಾರದೆನ್ನುವ 1972ರ ಟೈಟಲ್ ನೈನ್ ಕಾನೂನಿನಿಂದಾಗಿ ತನ್ನಂಥ ಹುಡುಗಿಯರು ಆಟಕ್ಕೆ ಬಂದರು. ಈಗ ಫುಟ್‌ಬಾಲಿಗೆ ದುಡ್ಡು ಹೊಂದಿಸಲು ಕಾಲೇಜುಗಳು ಈಜು, ಟೆನಿಸ್, ದೋಣಿಯನ್ನೇ ಮುಚ್ಚಿದರೆ? ಹೆಣ್ಣುಮಕ್ಕಳು ಒಪ್ಪಂದದ ವಿರುದ್ಧ ಮೇಲ್ಮನವಿ ಹೋಗಿದ್ದಾರೆ. ಖೋಖೋ ಹುಡುಗಿಯರಿಗೆ ಬೂಟು ಕೊಡಿಸಲು ಆಫೀಸಿನ ಬಾಗಿಲು ಕಾದವನು ನಾನು. ಅವಳ ಹೆದರಿಕೆ ನಿಜವಾದದ್ದು. ಆದರೂ ಒಬ್ಬ ಕೋಚ್‌ನನ್ನು ತೆಗೆಯುವಾಗ 4.9 ಕೋಟಿಯ ಮಾತಾಡುವವರು, ದೋಣಿ ತಂಡ ಮುಚ್ಚುವ ತಪ್ಪನ್ನು ಇಪ್ಪತ್ತರ ಹುಡುಗರ ಸಂಬಳದ ಮೇಲೆ ಹೊರಿಸುವುದು ನನಗೆ ಸರಿ ಕಾಣಲಿಲ್ಲ. ಅವಳಿಗೆ ಹಾಗೇ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ.

ಶನಿವಾರ, ಅಕ್ಟೋಬರ್ 18

ಪಂದ್ಯ ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಎಂಟಕ್ಕೇ ಪಯನೀರ್ ಹೈಸ್ಕೂಲಿನ ಬಯಲಿನಲ್ಲಿ ಕಾರುಗಳ ಹಿಂಬಾಗಿಲು ತೆರೆದು, ಒಲೆ ಹಚ್ಚಿ, ಜನ ಅಡುಗೆ ಮಾಡುತ್ತಿದ್ದರು. ಹರಿಹರದ ಜಾತ್ರೆಯಲ್ಲಿ ಗಾಡಿ ಬಿಟ್ಟು ಒಲೆ ಹೂಡಿದ ಹಾಗೆ. ಅಜ್ಜ, ಮಗ, ಮೊಮ್ಮಗಳು, ಎಲ್ಲರ ಮೈಮೇಲೂ ಹಳದಿ, ನೀಲಿ. ನನ್ನನ್ನು ಕರೆದು ಬಿಸಿ ಸೇಬಿನ ರಸ ಕೊಟ್ಟರು. ಈ ಪ್ರೀತಿ ನಿಜವಾದದ್ದು, ಇದನ್ನು ಕಣ್ಣಾರೆ ಕಾಣದೆ ಈ ವಿಷಯ ಮಾತಾಡಬಾರದು.

ಬಿಗ್ ಹೌಸ್ ಎಂದು ಎಲ್ಲರೂ ಕರೆಯುವ ಮಿಷಿಗನ್ ಸ್ಟೇಡಿಯಂ ಹೊರಗಿನಿಂದ ಅಷ್ಟು ದೊಡ್ಡದು ಅನ್ನಿಸುವುದಿಲ್ಲ. 1927ರಲ್ಲಿ ನೆಲ ಅಗೆದು ಮಾಡಿದ್ದು. ಬಾಗಿಲು ದಾಟಿದರೆ ಕಾಲಕೆಳಗೆ ಬಾವಿಯಂತೆ ತೆರೆದುಕೊಳ್ಳುತ್ತದೆ. 1,07,601 ಜನರ ಜಾಗ. 1975ರ ನವೆಂಬರ್‌ನಿಂದ, ಕೋವಿಡ್ ವರ್ಷ ಬಿಟ್ಟರೆ, ಇಲ್ಲಿನ ಯಾವ ಪಂದ್ಯಕ್ಕೂ ಒಂದು ಲಕ್ಷಕ್ಕಿಂತ ಕಡಿಮೆ ಜನ ಬಂದಿಲ್ಲ. ಎದುರಾಳಿ ವಾಷಿಂಗ್ಟನ್, ಸಿಯಾಟಲ್‌ನಿಂದ ಮೂರು ಸಾವಿರ ಕಿಲೋಮೀಟರ್ ಹಾರಿ ಬಂದವರು. ಅವರ ಗಡಿಯಾರದಲ್ಲಿ ಆಗ ಬೆಳಿಗ್ಗೆ ಒಂಬತ್ತು. ಎರಡೂ ತಂಡಗಳು ಆಡುವ ಬಿಗ್ ಟೆನ್ ಕೂಟದಲ್ಲಿ ಈಗ ಹದಿನೆಂಟು ತಂಡಗಳು. 2022ರಲ್ಲಿ ಮಾಡಿಕೊಂಡ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೇಲಿನದು.

ಇದು ನಮ್ಮ ಕಾಲ್ಚೆಂಡಲ್ಲ. ಐದಾರು ಸೆಕೆಂಡು ಹಣಾಹಣಿ, ನಿಲುಗಡೆ, ಮತ್ತೆ ಹಣಾಹಣಿ. ಉಸಿರಿನ ಲೆಕ್ಕದಲ್ಲಿ ಕಬಡ್ಡಿಗೇ ಹತ್ತಿರ. ಜನರ ಕಣ್ಣು ಚೆಂಡಿನ ಮೇಲೆ. ನಾನು ನೋಡುತ್ತಿದ್ದದ್ದು ಮುಂದಿನ ಸಾಲಿನ ಐದು ದೊಡ್ಡ ಹುಡುಗರನ್ನು. ನೂರನಲವತ್ತು ಕಿಲೋ ತೂಕದ ಮೈ. ಚೆಂಡು ಹಿಡಿದು ಓಡುವ ಕೆಲಸ ಅವರದಲ್ಲ. ಅವರ ಜೆರ್ಸಿ ಅಂಗಡಿಯಲ್ಲಿ ನೇತಾಡುವುದೂ ಅಪರೂಪ. ಮಂಡಿಗಳಿಗೆ ಲೋಹದ ಕೀಲಿನ ಪಟ್ಟಿ ಬಿಗಿದುಕೊಂಡು, ಪ್ರತಿ ಸಲವೂ ಬಗ್ಗಿ, ಎದುರಿನವನ ಭಾರವನ್ನು ಮಂಡಿಯ ಮೇಲೆ ತಗೊಂಡು, ಬಿದ್ದು, ಎದ್ದು, ಮತ್ತೆ ಸಾಲಿಗೆ. ಅಂಡರ್‌ವುಡ್ ಎಸೆದ ಚೆಂಡಿಗೆ ಲಕ್ಷ ಜನ ಎದ್ದು ನಿಂತಾಗ, ಸಾಲಿನ ಎಡತುದಿಯ ಹುಡುಗ ನೆಲದಲ್ಲಿ ಒಂದು ಕೈಯೂರಿ ಕೂತು, ತನ್ನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಈ ದೇಶದ ವಾದವೆಲ್ಲ ಒಂದು ಕೋಟಿ ಡಾಲರ್‌ನ ಹುಡುಗನ ಸುತ್ತ ನಡೆದಿದೆ. ನನಗೆ ಕೇಳಬೇಕಾಗಿರುವುದು ಈ ಐವರ ಬಗ್ಗೆ.

ಮಿಷಿಗನ್ 24–7ರಲ್ಲಿ ಗೆದ್ದಿತು.

ರಾತ್ರಿ ಒಂಬತ್ತಕ್ಕೆ, ಊರಲ್ಲಿ ಬೆಳಿಗ್ಗೆ ಆರೂವರೆ, ಹೊನ್ನಾಳಿ ಹುಡುಗನಿಗೆ ಫೋನ್ ಮಾಡಿದೆ. ಅಂಗಡಿಯ ಷಟರ್ ಎತ್ತುವ ಸದ್ದು ಕೇಳಿಸಿತು.

"ಎಷ್ಟು ಜನ ಇದ್ರು ಸರ್?"

"ಲಕ್ಷದ ಮೇಲೆ ಕಣಪ್ಪ."

"ಅಲ್ಲಿ ಯಾರಾದ್ರೂ ಬಿದ್ರೆ?"

"ಪಕ್ಕದಲ್ಲೇ ಡಾಕ್ಟರ್ ಇರ್ತಾರೆ, ಟೆಂಟ್ ಇರುತ್ತೆ, ಎತ್ಕೊಂಡು ಹೋಗೋಕೆ ಗಾಡಿ ಇರುತ್ತೆ."

"ಒಳ್ಳೇದಾಯ್ತು ಬಿಡ್ರಿ. ಆಮೇಲೆ ನೋಡ್ಕೊಳ್ಳೋದು ಯಾರು ಸರ್?"

ಎರಡು ವರ್ಷದ ವಿಮೆಯ ಕಥೆ ಹೇಳಿದೆ. ಅವನು ಕೇಳಿಸಿಕೊಂಡ. ಮಂಡಿ ಹೇಗಿದೆ ಎಂದು ಕೇಳಿದೆ. ಈ ಸಲ ಮಳೆ ಜೋರಿತ್ತಲ್ಲ ಸರ್, ಮೂಟೆ ಎತ್ತೋಕೆ ಒಬ್ಬ ಹುಡುಗನ್ನ ಇಟ್ಕೊಂಡಿದೀನಿ ಅಂದ. ಅಷ್ಟರಲ್ಲಿ ಬೂಸಾ ಲಾರಿ ಬಂತೆಂದು ಯಾರೋ ಕೂಗಿದರು. ಸಂಜೆ ಮಾಡ್ತೀನಿ ಸರ್ ಎಂದು ಅವನು ಫೋನ್ ಇಟ್ಟ.